ಪ್ರಾಣಿ–ಮನುಷ್ಯರ ನಂಟಿನ ಸಾಕ್ಷ್ಯಚಿತ್ರಗಳು: ನೀವು ಎಷ್ಟು ನಂಬುತ್ತೀರಿ?

ಹಿಂದಿನಸಾಲು

ಒಂದು ಮನೆಜಗಳವನ್ನು ಇಲ್ಲಿಗೆ ತಂದಿದ್ದೇನೆ. ಎಲ್ಲರೂ ಕೂತು ‘ಮೈ ಆಕ್ಟೋಪಸ್ ಟೀಚರ್’ ನೋಡಿದೆವು. ಅರ್ಧ ಜನ ಕಣ್ಣೊರೆಸಿಕೊಂಡರು. ಇನ್ನರ್ಧ ಜನ "ಇವನು ಯಾರು ಅಂತ ಆ ಆಕ್ಟೋಪಸ್ಸಿಗೆ ಗೊತ್ತಿತ್ತಾ?" ಎಂದು ಕೇಳಿ ಬೈಸಿಕೊಂಡರು. ನಾನು ಬೈಸಿಕೊಂಡವರ ಗುಂಪು.

ನೋಡದವರಿಗೆ ಎರಡು ಮಾತು. ಕ್ರೇಗ್ ಫೋಸ್ಟರ್ ದಕ್ಷಿಣ ಆಫ್ರಿಕಾದ ಫಾಲ್ಸ್ ಕೊಲ್ಲಿಯ ತಣ್ಣನೆ ನೀರಿಗೆ ದಿನಾ ಇಳಿಯುತ್ತಾರೆ. ಕಡಲಪಾಚಿಯ ಕಾಡಿನೊಳಗೆ ಒಂದೇ ಹೆಣ್ಣು ಆಕ್ಟೋಪಸ್ಸನ್ನು ಹೆಚ್ಚುಕಡಿಮೆ ಒಂದು ವರ್ಷ ಹಿಂಬಾಲಿಸುತ್ತಾರೆ. ಅದು ಮೊದಲು ಹೆದರುತ್ತದೆ, ಆಮೇಲೆ ಕೈ ಚಾಚಿ ಮುಟ್ಟುತ್ತದೆ, ಕೊನೆಗೆ ಎದೆಯ ಮೇಲೇ ಬಂದು ಕೂರುತ್ತದೆ. 2021ರಲ್ಲಿ ಚಿತ್ರಕ್ಕೆ ಆಸ್ಕರ್ ಬಂತು.

ಚಿತ್ರ ಚೆನ್ನಾಗಿದೆ. ತಕರಾರು ಅದಲ್ಲ. ಇಂಥ ಚಿತ್ರಗಳಲ್ಲಿ ಪ್ರಾಣಿ ಏನು ಮಾಡಿದರೂ ಅದು ಮನುಷ್ಯನ ಮನಸ್ಸಿನ ಗಾಯಕ್ಕೆ ಮದ್ದಾಗಿಬಿಡುತ್ತದೆ. ಇವನು ಬಳಲಿದ್ದ, ಅದು ಸಿಕ್ಕಿತು, ಇವನು ಸರಿಹೋದ. ಅದಕ್ಕೇನು ಸಿಕ್ಕಿತು? ಈ ಲೆಕ್ಕವನ್ನೂ ತೋರಿಸುವ ಚಿತ್ರಗಳು ಯಾವುವು? ಸುಮ್ನೆ ಪಟ್ಟಿ ಕೊಡಬೇಡಿ, ಯಾಕೆ ಅಂತಲೂ ಬರೆಯಿರಿ.

ಮಳೆಬಿಲ್ಲು

ನಾನು ಕಣ್ಣೊರೆಸಿಕೊಂಡವರ ಗುಂಪು, ಹೇಳಿಬಿಡುತ್ತೇನೆ.

ಶಾರ್ಕ್ ದಾಳಿಯ ಭಾಗ ನೆನಪಿದೆಯಾ? ಅದು ಆಕ್ಟೋಪಸ್ಸಿನ ಒಂದು ಕೈಯನ್ನೇ ಕಿತ್ತುಕೊಂಡು ಹೋಗುತ್ತದೆ. ಫೋಸ್ಟರ್ ತಡೆಯುವುದಿಲ್ಲ. ಆಮೇಲೆ ಅದು ಗೂಡಿನಲ್ಲಿ ಬಿಳಿಚಿಕೊಂಡು ಬಿದ್ದಿರುತ್ತದೆ, ನಿಧಾನವಾಗಿ ಸಣ್ಣ ಕೈ ಮತ್ತೆ ಚಿಗುರುತ್ತದೆ. ಇನ್ನೊಮ್ಮೆ ಶಾರ್ಕ್ ಬಂದಾಗ ಅದರ ಬೆನ್ನೇರಿ ಕೂತು ತಪ್ಪಿಸಿಕೊಳ್ಳುತ್ತದೆ. ಇದರಲ್ಲಿ ಮನುಷ್ಯನ ಪಾತ್ರ ಏನೂ ಇಲ್ಲ. ಪ್ರಾಣಿಯನ್ನು ಪ್ರಾಣಿಯಾಗಿ ಬಿಟ್ಟಿದ್ದಾರೆ ಅಂತಲೇ ಅಲ್ವಾ ಇದರ ಅರ್ಥ?

ಜಾನುವಾರುಡಾಕ್ಟರ್

ಪಶುವೈದ್ಯೆ ನಾನು. ಆಕ್ಟೋಪಸ್ಸಿಗೆ ಚಿಕಿತ್ಸೆ ಮಾಡಿದವಳಲ್ಲ, ಆದರೂ ಒಂದೆರಡು ಮಾತು.

ಆಕ್ಟೋಪಸ್ಸಿನ ನರಕೋಶಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇರುವುದು ಅದರ ಕೈಗಳಲ್ಲೇ. ಆ ಕೈಗಳ ಹೀರುಬಟ್ಟಲುಗಳು ಮುಟ್ಟಿ ರುಚಿಯನ್ನೂ ತಿಳಿಯುತ್ತವೆ. ಅದು ಕೈ ಚಾಚಿತು ಅಂದರೆ "ನೀನು ಏನು?" ಎಂದು ವಿಚಾರಿಸಿಕೊಳ್ಳುತ್ತಿದೆ ಅಂತ ನಾನು ಓದಿಕೊಳ್ಳುತ್ತೇನೆ. ಪ್ರೀತಿ ಅಂತ ಕರೆಯಲು ನನಗೆ ಧೈರ್ಯ ಸಾಲದು. ಆದರೆ ಇದನ್ನೂ ಕಡಿಮೆ ಅಂದುಕೊಳ್ಳಬೇಡಿ. ಅಡಗಿಕೊಂಡೇ ಬದುಕುವ ಪ್ರಾಣಿ ಅದು. ಎಲ್ಲವೂ ಅದನ್ನು ತಿನ್ನಲು ಕಾದಿರುತ್ತವೆ. ಅಂಥದ್ದು ದೊಡ್ಡ ದೇಹವೊಂದರ ಪಕ್ಕ ಅಡಗದೆ ಇತ್ತು. ನನಗೆ ಅಷ್ಟೇ ಸಾಕು, ಅದು ಬಹಳ ದೊಡ್ಡದು.

ಇನ್ನೊಂದು. ಅದರ ಆಯುಸ್ಸೇ ಒಂದು ವರ್ಷದ ಆಸುಪಾಸು. ಮೊಟ್ಟೆ ಕಾಯುತ್ತಾ ಊಟ ಬಿಟ್ಟು, ಮರಿ ಹೊರಬರುವ ಹೊತ್ತಿಗೆ ಸಾಯುತ್ತದೆ. ಚಿತ್ರ ಕೊನೆಯಲ್ಲಿ ಇದನ್ನು ತೋರಿಸುತ್ತದೆ. ಫೋಸ್ಟರ್ ಅವರಿಗೆ ಅದು ಬದುಕಿನ ಒಂದು ವರ್ಷ. ಅದಕ್ಕೆ ಪೂರ್ತಿ ಬದುಕು. ಹಿಂದಿನಸಾಲು ಅವರು ಕೇಳಿದ ಲೆಕ್ಕ ಇಲ್ಲೇ ಇದೆ ಅನ್ನಿಸುತ್ತದೆ.

ಅರ್ಧಸತ್ಯ

ಎಲ್ಲರೂ ಒಂದು ಸಣ್ಣ ಪ್ರಶ್ನೆ ಮರೆತಿದ್ದೀರಿ. ನೀರಲ್ಲಿ ಅವರೊಬ್ಬರೇ ಇದ್ದರೆ, ಅವರು ಈಜುವುದನ್ನು ಶೂಟ್ ಮಾಡಿದ್ದು ಯಾರು? ಚಿತ್ರಕ್ಕೆ ರೋಜರ್ ಹೊರಾಕ್ಸ್ ಎನ್ನುವ ಛಾಯಾಗ್ರಾಹಕರಿದ್ದಾರೆ. ಅಂದರೆ "ನಾನು ಮತ್ತು ಅದು ಇಬ್ಬರೇ" ಎನ್ನುವ ಶಾಟ್‌ನಲ್ಲಿ ಮೂರನೆಯವರೊಬ್ಬರು ಇದ್ದಾರೆ. ಮೋಸ ಅಂತ ಹೇಳುತ್ತಿಲ್ಲ. ಏಕಾಂತವನ್ನೂ ಕಟ್ಟಬೇಕಾಗುತ್ತದೆ, ಅಷ್ಟೆ.

ಮೈಕ್‌ಮರೆ

ಅರ್ಧಸತ್ಯ ಅವರು ಕ್ಯಾಮೆರಾ ಹೇಳಿದರು, ನಾನು ಶಬ್ದ ಹೇಳುತ್ತೇನೆ. ನನ್ನ ಕೆಲಸವೇ ಅದು.

ದೊಡ್ಡ ಲೆನ್ಸ್ ಹಾಕಿದರೆ ಅರ್ಧ ಕಿಲೋಮೀಟರ್ ದೂರದ ಪ್ರಾಣಿಯ ಮೀಸೆ ಕೂಡ ಕಾಣುತ್ತದೆ. ಮೈಕಿಗೆ ಆ ಶಕ್ತಿ ಇಲ್ಲ. ಹಾಗಾಗಿ ಪ್ರಾಣಿ ಚಿತ್ರಗಳಲ್ಲಿ ಕೇಳುವ ಹೆಜ್ಜೆ ಸದ್ದು, ಎಲೆ ಮುರಿಯುವ ಸದ್ದು, ನೀರು ನೆಕ್ಕುವ ಸದ್ದು ಬಹುಪಾಲು ಸ್ಟುಡಿಯೋದಲ್ಲಿ ಮಾಡಿದ್ದು. ಇದಕ್ಕೆ ಫೋಲಿ ಅಂತಾರೆ. ‘ಜೇನ್’ (2017) ನೋಡಿದ್ದೀರಾ? ಹ್ಯೂಗೋ ವಾನ್ ಲಾವಿಕ್ 1960ರ ದಶಕದಲ್ಲಿ ಟಾಂಜಾನಿಯಾದ ಗೊಂಬೆ (Gombe) ಎಂಬ ಕಾಡಿನಲ್ಲಿ ಚಿಂಪಾಂಜಿ ಸಂಶೋಧಕಿ ಜೇನ್ ಗುಡಾಲ್ ಅವರನ್ನೂ ಚಿಂಪಾಂಜಿಗಳನ್ನೂ 16 ಎಂಎಂ ಫಿಲ್ಮ್‌ನಲ್ಲಿ ತೆಗೆದಿದ್ದರು. ನೂರು ಗಂಟೆಗೂ ಜಾಸ್ತಿ ದೃಶ್ಯ ಎಷ್ಟೋ ವರ್ಷ ಡಬ್ಬಗಳಲ್ಲೇ ಇತ್ತು. ಆ ಫಿಲ್ಮ್‌ಗೆ ಶಬ್ದವೇ ಇರಲಿಲ್ಲ. ನಾವು ಕೇಳುವ ಕಾಡು ಪೂರ್ತಿ ಆಮೇಲೆ ಕಟ್ಟಿದ್ದು.

ಹೆಜ್ಜೆ ಸದ್ದು ಸೇರಿಸುವುದು ನನಗೆ ತಪ್ಪು ಅನ್ನಿಸುವುದಿಲ್ಲ. ಪಿಟೀಲು ಬಂದಾಗ ಮಾತ್ರ ನನ್ನ ಕಿವಿ ನೆಟ್ಟಗಾಗುತ್ತದೆ. ಪ್ರಾಣಿ ಸುಮ್ನೆ ಒಂದು ಕಡೆ ನೋಡುತ್ತಿರುತ್ತದೆ. ಕೆಳಗೆ ಪಿಟೀಲು ಇಟ್ಟರೆ ಅದು ವಿರಹ. ಕೊಳಲು ಇಟ್ಟರೆ ಅದು ಶಾಂತಿ. ಏನೂ ಇಡದಿದ್ದರೆ ಅದು ನೋಡುತ್ತಿದೆ. ಬೇಕಾದರೆ ನಿಮ್ಮ ಮೆಚ್ಚಿನ ದೃಶ್ಯವನ್ನು ಒಮ್ಮೆ ಮ್ಯೂಟ್ ಮಾಡಿ ನೋಡಿ.

ಗೂಬೆಕಣ್ಣು

ಮೈಕ್‌ಮರೆ ಸರ್, ಹಾಗಾದರೆ ‘ಗುಂಡಾ’ (2020) ನಿಮಗೋಸ್ಕರವೇ ಮಾಡಿದ ಚಿತ್ರ. ಹೆಸರು ನೋಡಿ ಹೊಡೆದಾಟದ ಸಿನಿಮಾ ಅಂದುಕೊಳ್ಳಬೇಡಿ 😄 ವಿಕ್ಟರ್ ಕೊಸಕೋವ್‌ಸ್ಕಿ ನಿರ್ದೇಶನ. ಒಂದು ತಾಯಿ ಹಂದಿ, ಅದರ ಮರಿಗಳು. ಕಪ್ಪು-ಬಿಳುಪು. ಸಂಗೀತ ಇಲ್ಲ, ನಿರೂಪಣೆ ಇಲ್ಲ, ಒಂದೇ ಒಂದು ಮಾತಿಲ್ಲ. ಮನುಷ್ಯರ ಮುಖವನ್ನೂ ತೋರಿಸುವುದಿಲ್ಲ. ಕೊನೆಯಲ್ಲಿ ಒಂದು ಗಾಡಿ ಬಂದು ಮರಿಗಳನ್ನು ತುಂಬಿಕೊಂಡು ಹೋಗುತ್ತದೆ. ತಾಯಿ ಅತ್ತಿಂದಿತ್ತ ಓಡಾಡುತ್ತಾ ಹುಡುಕುತ್ತದೆ. ಕ್ಯಾಮೆರಾ ಅದನ್ನು ಬಿಟ್ಟು ಕದಲುವುದಿಲ್ಲ, ಶಾಟ್ ಮುಗಿಯುವುದೇ ಇಲ್ಲ ಅನ್ನಿಸುತ್ತದೆ.

ಮನುಷ್ಯ–ಪ್ರಾಣಿ ನಂಟು ಅಂದರೆ ತಬ್ಬಿಕೊಳ್ಳುವುದು ಮಾತ್ರ ಅಲ್ಲವಲ್ಲ. ಇದೂ ನಂಟೇ. ಹೇಳಬೇಕೆಂದರೆ ಜಗತ್ತಿನಲ್ಲಿ ಜಾಸ್ತಿ ಪ್ರಾಣಿಗಳಿಗೆ ನಮ್ಮ ಜೊತೆ ಇರುವ ನಂಟು ಇದೇ.

ಮಳೆಬಿಲ್ಲು

ಅದನ್ನು ನೋಡುವ ಗಟ್ಟಿ ಮನಸ್ಸು ನನಗಿಲ್ಲ. ಯಾರಾದರೂ ಬೆಚ್ಚಗಿನ ಚಿತ್ರವನ್ನೂ ಹೇಳಿ. ಎಲ್ಲದರಲ್ಲೂ ಹುಳುಕು ಹುಡುಕುತ್ತಾ ಕೂತರೆ ನೋಡುವುದು ಯಾವಾಗ?

‘ದಿ ಎಲಿಫೆಂಟ್ ವಿಸ್ಪರರ್ಸ್’ ಯಾರೂ ಹೇಳಲಿಲ್ಲವಲ್ಲ! ಮುದುಮಲೈನ ತೆಪ್ಪಕಾಡು ಆನೆ ಶಿಬಿರ. ಬೊಮ್ಮನ್, ಬೆಳ್ಳಿ ದಂಪತಿ. ತಾಯಿ ಕಳೆದುಕೊಂಡ ಆನೆಮರಿ ರಘು, ಆಮೇಲೆ ಬಂದ ಅಮ್ಮು. ನಿರ್ದೇಶನ ಕಾರ್ತಿಕಿ ಗೊನ್ಸಾಲ್ವಿಸ್. ಬೆಳ್ಳಿ ಆ ಮರಿಗೆ ಬೈಯುವ ರೀತಿ ನೋಡಿ. ಅದು ಕ್ಯಾಮೆರಾಗೋಸ್ಕರ ಬರುವ ಮಾತಲ್ಲ.

ಜಾನುವಾರುಡಾಕ್ಟರ್

ಮಳೆಬಿಲ್ಲು, ನಿಮ್ಮ ಜೊತೆ ಪೂರ್ತಿ ಒಪ್ಪಿಗೆ. ಆ ಚಿತ್ರದಲ್ಲಿ ನನಗೆ ಹಿಡಿಸಿದ್ದು ಕೆಲಸ. ಹಾಲು ಕುಡಿಸುವುದು, ಮೈ ತಿಕ್ಕುವುದು, ತಿನ್ನಿಸುವುದು, ಮತ್ತೆ ಮಾರನೇ ದಿನ ಅದೇ. ತಾಯಿ ಇಲ್ಲದ ಆನೆಮರಿಯನ್ನು ಉಳಿಸುವುದು ಎಷ್ಟು ಕಷ್ಟ ಅಂತ ಈ ಕೆಲಸದವರಿಗೆ ಗೊತ್ತು. ಮರಿಗೆ ಹಾಲು ಒಗ್ಗಬೇಕು, ಭೇದಿ ಹತ್ತಬಾರದು, ಒಂಟಿತನ ಕಾಡಬಾರದು. ಮೂರನೆಯದಕ್ಕೆ ಔಷಧಿ ಅಂಗಡಿಯಲ್ಲಿ ಏನೂ ಸಿಗುವುದಿಲ್ಲ. ಯಾರಾದರೂ ಪಕ್ಕದಲ್ಲೇ ಇರಬೇಕು.

ಮತ್ತೆ ರಘುವನ್ನು ಬೇರೆಯವರ ಕೈಗೆ ಒಪ್ಪಿಸುವ ಭಾಗ. ಇಷ್ಟು ಬೆಳೆಸಿದವರಿಗೆ ಅವನನ್ನು ಇಟ್ಟುಕೊಳ್ಳುವ ಹಕ್ಕಿಲ್ಲ. ತೀರ್ಮಾನ ಅರಣ್ಯ ಇಲಾಖೆಯದು. ನಂಟಿನೊಳಗೆ ಕಚೇರಿಯೂ ಇರುತ್ತದೆ ಎನ್ನುವುದನ್ನು ಹೆಚ್ಚಿನ ಚಿತ್ರಗಳು ಮುಚ್ಚಿಡುತ್ತವೆ. ಇದು ಮುಚ್ಚಿಟ್ಟಿಲ್ಲ.

ಒಂದು ವಿಷಯ ಮಾತ್ರ ಸೇರಿಸುತ್ತೇನೆ, ಬೇಜಾರು ಮಾಡ್ಕೋಬೇಡಿ. ಆನೆ ಅಳುತ್ತಿದೆ ಎಂದು ವೀಡಿಯೋ ಕಳಿಸುವವರು ತುಂಬಾ ಜನ. ನಮ್ಮ ಕಣ್ಣೀರು ಒಂದು ಸಣ್ಣ ನಾಳದ ಮೂಲಕ ಮೂಗಿಗೆ ಇಳಿದು ಹೋಗುತ್ತದೆ. ಆನೆಗೆ ಆ ನಾಳ ಇಲ್ಲ. ಕಣ್ಣಿನ ತೇವ ನೇರವಾಗಿ ಕೆನ್ನೆ ಮೇಲೆ ಇಳಿಯುತ್ತದೆ. ಆನೆಗೆ ದುಃಖವಿಲ್ಲ ಅಂತ ಇದರ ಅರ್ಥವಲ್ಲ. ಸತ್ತ ಆನೆಯ ಪಕ್ಕ ಅವು ಗಂಟೆಗಟ್ಟಲೆ ನಿಲ್ಲುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ದುಃಖವನ್ನು ಅಲ್ಲಿ ಹುಡುಕಿ, ಕೆನ್ನೆಯಲ್ಲಿ ಬೇಡ.

ಡಾಲ್ಫಿನ್ ನಗುವುದೂ ಹಾಗೇ. ಅದು ದವಡೆಯ ಆಕಾರ. ನೋವಿನಲ್ಲಿದ್ದರೂ ಸತ್ತರೂ ಅದೇ "ನಗು". ಚಿಂಪಾಂಜಿ ಹಲ್ಲು ಕಿಸಿದರೆ ಬಹಳ ಸಲ ಅದು ಭಯ. ಜಾಹೀರಾತುಗಳಲ್ಲಿ ನಗಿಸಿದ ಚಿಂಪಾಂಜಿಗಳನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ತೊಳಸುತ್ತದೆ.

ಹಿಂದಿನಸಾಲು

ಡಾಲ್ಫಿನ್ ಅಂದಿದ್ದಕ್ಕೆ ಕೇಳುತ್ತೇನೆ, ಡಾಲ್ಫಿನ್ ಬೇಟೆಯ ಚಿತ್ರ ‘ದಿ ಕೋವ್’ ನಂಬಬಹುದಾ? ಅದರಲ್ಲಿ ರಿಕ್ ಒ’ಬ್ಯಾರಿ ತಮ್ಮ ಡಾಲ್ಫಿನ್ ಉಸಿರು ಬಿಗಿಹಿಡಿದು ಪ್ರಾಣ ಬಿಟ್ಟಿತು ಅಂತ ಹೇಳುತ್ತಾರಲ್ಲ.

ಜಾನುವಾರುಡಾಕ್ಟರ್

ಡಾಲ್ಫಿನ್‌ಗೆ ಉಸಿರಾಟ ನಮ್ಮ ಹಾಗೆ ತಾನಾಗಿ ನಡೆಯುವುದಿಲ್ಲ, ಪ್ರತಿ ಉಸಿರೂ ಅದು ಬೇಕೆಂದು ಎಳೆದುಕೊಳ್ಳುವುದು. ಅಷ್ಟು ನಿಜ. ಅದು ಸಾಯಬೇಕು ಅಂತಲೇ ನಿಲ್ಲಿಸಿತು ಅನ್ನುವುದು ಅವರ ನಂಬಿಕೆ. ಅದನ್ನು ಪರೀಕ್ಷಿಸುವ ದಾರಿ ನನ್ನ ಹತ್ತಿರ ಇಲ್ಲ.

ಆದರೆ ಆ ಮನುಷ್ಯ ಯಾರು ನೋಡಿ. 1960ರ ದಶಕದಲ್ಲಿ ‘ಫ್ಲಿಪ್ಪರ್’ ಟಿವಿ ಸರಣಿಗೆ ಡಾಲ್ಫಿನ್ ಹಿಡಿದು ಪಳಗಿಸಿದವರೇ ಅವರು. ಜನ ದುಡ್ಡು ಕೊಟ್ಟು ಡಾಲ್ಫಿನ್ ಆಟ ನೋಡಲು ಶುರು ಮಾಡಿದ್ದರಲ್ಲಿ ಆ ಸರಣಿಯ ಪಾಲು ದೊಡ್ಡದು. ಉಳಿದ ಆಯುಸ್ಸು ಪೂರ್ತಿ ಅದನ್ನು ಕಳಚಲು ಓಡಾಡಿದ್ದಾರೆ. ಜಪಾನಿನ ತೈಜಿಯಲ್ಲಿ ಡಾಲ್ಫಿನ್ ಬೇಟೆಯನ್ನು ಬಚ್ಚಿಟ್ಟ ಕ್ಯಾಮೆರಾಗಳಲ್ಲಿ ಹಿಡಿದಿದ್ದೂ ಅದರ ಭಾಗವೇ. ಆ ಅಪರಾಧಿ ಭಾವ ನನಗೆ ಡಾಲ್ಫಿನ್ ಮನಸ್ಸಿಗಿಂತ ಸ್ಪಷ್ಟವಾಗಿ ಕಾಣುತ್ತದೆ, ಅದನ್ನು ನಂಬುತ್ತೇನೆ.

ಅರ್ಧಸತ್ಯ

ನಂಬಿಕೆ ವಿಷಯ ಬಂತಲ್ಲ, ಹಳೇ ಪಾಪವೊಂದನ್ನು ಹೇಳಲೇಬೇಕು. ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಗುಂಪಾಗಿ ಕಡಲಿಗೆ ಹಾರಿ ಸಾಯುತ್ತವೆ ಅಂತ ನೀವೂ ಕೇಳಿರುತ್ತೀರಿ. ಅದು ಇಷ್ಟು ಹರಡಿದ್ದರಲ್ಲಿ ಡಿಸ್ನಿಯ ‘ವೈಟ್ ವೈಲ್ಡರ್‌ನೆಸ್’ (1958) ಚಿತ್ರದ ಕೈವಾಡ ದೊಡ್ಡದು. ಪ್ರಾಣಿಗಳನ್ನು ಬೇರೆ ಕಡೆಯಿಂದ ತರಿಸಿ, ಆಲ್ಬರ್ಟಾದಲ್ಲಿ ಶೂಟ್ ಮಾಡಿ, ದಡದಿಂದ ನದಿಗೆ ತಳ್ಳಿದ್ದರು. 1982ರಲ್ಲಿ ಕೆನಡಾದ ಸಿಬಿಸಿ ವಾಹಿನಿ ಇದನ್ನು ಬಯಲಿಗೆಳೆಯಿತು. ಅಷ್ಟರಲ್ಲಿ ಚಿತ್ರಕ್ಕೆ ಆಸ್ಕರ್ ಸಿಕ್ಕಿ ಕಾಲವೇ ಆಗಿತ್ತು.

ಗೂಬೆಕಣ್ಣು

ಅಯ್ಯೋ, ಅದು ಸುಳ್ಳಾ! ನಾನು ಇವತ್ತಿನವರೆಗೂ ನಿಜ ಅಂತಿದ್ದೆ.

ತಡವಾಗಿಬಂದವ

ತಡವಾಯಿತು, ಆದರೆ ಇಷ್ಟು ಹೊತ್ತಾದರೂ ‘ಗ್ರಿಜ್ಲಿ ಮ್ಯಾನ್’ (2005) ಹೆಸರು ಬರದಿದ್ದದ್ದು ಆಶ್ಚರ್ಯ. ಹಿಂದಿನಸಾಲು ಅವರ ಪ್ರಶ್ನೆಗೆ ನನ್ನ ಮಟ್ಟಿಗೆ ಅದೇ ಉತ್ತರ.

ಟಿಮೊಥಿ ಟ್ರೆಡ್‌ವೆಲ್ 13 ಬೇಸಿಗೆಗಳನ್ನು ಅಲಾಸ್ಕಾದ ಕಟ್ಮೈನಲ್ಲಿ ಕಂದು ಕರಡಿಗಳ ನಡುವೆ ಕಳೆದ. ಅವುಗಳಿಗೆ ಹೆಸರಿಟ್ಟ. "ಐ ಲವ್ ಯೂ" ಅಂತ ದಿನಾ ಹೇಳಿದ. ಕೊನೆಯ ವರ್ಷಗಳಲ್ಲಿ ತಾನೇ ಕ್ಯಾಮೆರಾ ಇಟ್ಟುಕೊಂಡು ನೂರು ಗಂಟೆಗೂ ಮೀರಿ ಚಿತ್ರಿಸಿದ. 2003ರ ಅಕ್ಟೋಬರ್‌ನಲ್ಲಿ ಅವನನ್ನೂ ಜೊತೆಗಿದ್ದ ಗೆಳತಿಯನ್ನೂ ಕರಡಿ ಕೊಂದಿತು. ಆ ದೃಶ್ಯಗಳನ್ನೆಲ್ಲ ಇಟ್ಟುಕೊಂಡು ವರ್ನರ್ ಹೆರ್ಜಾಗ್ ಚಿತ್ರ ಮಾಡಿದರು.

ಇದರಲ್ಲಿ ಎರಡು ಚಿತ್ರಗಳಿವೆ. ಒಂದು ಟ್ರೆಡ್‌ವೆಲ್ ಮಾಡಲು ಹೊರಟಿದ್ದು, ಕರಡಿ ನನ್ನ ಗೆಳೆಯ ಅನ್ನುವ ಚಿತ್ರ. ಇನ್ನೊಂದು ಹೆರ್ಜಾಗ್ ಅದರ ಜೊತೆಯಲ್ಲೇ ಜಗಳವಾಡುತ್ತಾ ಮಾಡಿದ್ದು. ಕರಡಿಯ ಮುಖ ದೊಡ್ಡದಾಗಿ ತೋರಿಸುತ್ತಾ ಅವರು, ತನಗೆ ಅಲ್ಲಿ ಸ್ನೇಹವೂ ಕಾಣುವುದಿಲ್ಲ ಅರಿವೂ ಕಾಣುವುದಿಲ್ಲ, ಊಟದ ಮೇಲಿನ ಅರೆಮನಸ್ಸಿನ ಆಸಕ್ತಿ ಮಾತ್ರ ಕಾಣುತ್ತದೆ ಅನ್ನುವ ಅರ್ಥದಲ್ಲಿ ಹೇಳುತ್ತಾರೆ. ನಾನು ಪ್ರತಿ ಸಲ ನೋಡಿದಾಗಲೂ ಇಬ್ಬರ ಮೇಲೂ ಸಿಟ್ಟು ಬರುತ್ತದೆ. ಒಬ್ಬ ಕರಡಿಯೊಳಗೆ ಪ್ರೀತಿ ತುಂಬಿಸಿದ, ಇನ್ನೊಬ್ಬರು ಶೂನ್ಯ ತುಂಬಿಸಿದರು. ಕರಡಿಗೆ ಎರಡೂ ಗೊತ್ತಿಲ್ಲ.

ಆದರೆ ಒಂದು ಕಡೆ ಟ್ರೆಡ್‌ವೆಲ್ ಸೋತಿಲ್ಲ. ನರಿಗಳು. ಅವನ ಡೇರೆ ಹತ್ತಿರ ಬರುವ ನರಿಮರಿಗಳು ಟೋಪಿ ಕದ್ದು ಓಡುವುದು, ಅವನು ಬೈಯುತ್ತಾ ಹಿಂದೆ ಓಡುವುದು. ಆ ಚಿತ್ರದಲ್ಲಿ ಎರಡೂ ಕಡೆಯಿಂದ ನಡೆಯುವ ವ್ಯವಹಾರ ಅದೊಂದೇ ಅನ್ನಿಸುತ್ತದೆ. ಹೆರ್ಜಾಗ್ ಕೂಡ ಅಲ್ಲಿ ಅವನನ್ನು ಒಳ್ಳೆಯ ಛಾಯಾಗ್ರಾಹಕ ಅಂತ ಒಪ್ಪಿಕೊಳ್ಳುತ್ತಾರೆ.

ಮೈಕ್‌ಮರೆ

ಆ ಚಿತ್ರದ ಇನ್ನೊಂದು ಸಂಗತಿ. ದಾಳಿಯ ಹೊತ್ತಿಗೆ ಕ್ಯಾಮೆರಾ ಓಡುತ್ತಿತ್ತು, ಆದರೆ ಲೆನ್ಸ್ ಮುಚ್ಚಳ ತೆಗೆದಿರಲಿಲ್ಲ. ಶಬ್ದ ಮಾತ್ರ ಉಳಿಯಿತು. ಹೆರ್ಜಾಗ್ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾರೆ. ನಮಗೆ ಕೇಳಿಸುವುದಿಲ್ಲ. ಟೇಪ್ ಇಟ್ಟುಕೊಂಡಿದ್ದ, ಟ್ರೆಡ್‌ವೆಲ್‌ನ ಇನ್ನೊಬ್ಬ ಗೆಳತಿಗೆ ಇದನ್ನು ಎಂದೂ ಕೇಳಬೇಡ, ಸುಟ್ಟುಹಾಕು ಅನ್ನುತ್ತಾರೆ. ನನ್ನ ವೃತ್ತಿಯ ಹೊಸಬರಿಗೆ ನಾನು ತೋರಿಸುವ ದೃಶ್ಯ ಇದು. ಯಾವ ಶಬ್ದ ಹಾಕಬಾರದು ಅನ್ನುವುದೂ ಶಬ್ದದ ಕೆಲಸವೇ.

ಮಳೆಬಿಲ್ಲು

ನಾನು ಬೆಚ್ಚಗಿನದು ಕೇಳಿದ್ದೆ 🙏

ಗೂಬೆಕಣ್ಣು

ಮಳೆಬಿಲ್ಲು ಅಕ್ಕಾ, ‘ಕೆಡಿ’ (2016) ನೋಡಿ. ಇಸ್ತಾಂಬುಲ್ ಬೀದಿ ಬೆಕ್ಕುಗಳು. ಯಾರ ಮನೆಯವೂ ಅಲ್ಲ, ಎಲ್ಲರ ಮನೆಯವೂ ಹೌದು. ಕ್ಯಾಮೆರಾ ಬೆಕ್ಕಿನ ಎತ್ತರದಲ್ಲಿ ಓಡಾಡುತ್ತದೆ. ಯಾರೂ ಸಾಯುವ ಭಯ ಇಟ್ಟುಕೊಳ್ಳದೆ ನೋಡಬಹುದು, ಹೆಚ್ಚುಕಡಿಮೆ.

ಮತ್ತೆ ‘ಆಲ್ ದಟ್ ಬ್ರೀದ್ಸ್’ (2022). ಶೌನಕ್ ಸೇನ್ ನಿರ್ದೇಶನ. ದೆಹಲಿಯಲ್ಲಿ ನದೀಮ್, ಸೌದ್ ಎಂಬ ಅಣ್ಣತಮ್ಮಂದಿರು ಗಾಯಗೊಂಡ ಹದ್ದುಗಳಿಗೆ ಮನೆಯ ನೆಲಮಾಳಿಗೆಯಲ್ಲೇ ಚಿಕಿತ್ಸೆ ಮಾಡುತ್ತಾರೆ. ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕುಯ್ದುಕೊಂಡು ಬಿದ್ದವೇ ಜಾಸ್ತಿ. ಇವರು ಶುರು ಮಾಡಿದ ಕಾರಣ ಕೇಳಿ: ಹಕ್ಕಿಗಳ ಒಂದು ಆಸ್ಪತ್ರೆ, ಹದ್ದು ಮಾಂಸ ತಿನ್ನುತ್ತದೆ ಅಂತ ಸೇರಿಸಿಕೊಳ್ಳಲಿಲ್ಲ. ಸನ್‌ಡ್ಯಾನ್ಸ್, ಕಾನ್ ಎರಡೂ ಚಿತ್ರೋತ್ಸವಗಳಲ್ಲಿ ಸಾಕ್ಷ್ಯಚಿತ್ರದ ದೊಡ್ಡ ಪ್ರಶಸ್ತಿ ಬಂತು.

ಜಾನುವಾರುಡಾಕ್ಟರ್

ಅದು ನನ್ನ ಮೊದಲ ಆಯ್ಕೆ. ಆ ಅಣ್ಣತಮ್ಮಂದಿರು ಹದ್ದಿನ ಜೊತೆ ಮಾತಾಡುವುದಿಲ್ಲ, ಹೆಸರಿಡುವುದಿಲ್ಲ. ಹೊಲಿಗೆ ಹಾಕುತ್ತಾರೆ, ದುಡ್ಡಿಗೆ ಪರದಾಡುತ್ತಾರೆ, ತಮ್ಮಲ್ಲೇ ಜಗಳವಾಡುತ್ತಾರೆ. ಹುಷಾರಾದ ಹಕ್ಕಿ ಹಾರಿಹೋದರೆ ತಿರುಗಿ ನೋಡುವುದಿಲ್ಲ. ನೋಡಬಾರದು ಕೂಡ. ಕಾಡುಪ್ರಾಣಿ ಚಿಕಿತ್ಸೆಯಲ್ಲಿ ನಾವು ಅದು ನಮ್ಮನ್ನು ಹಚ್ಚಿಕೊಳ್ಳದ ಹಾಗೆ ನೋಡಿಕೊಳ್ಳಬೇಕು. ಮನುಷ್ಯರ ಭಯ ಬಿಟ್ಟ ಹದ್ದು ಹೊರಗೆ ಹೆಚ್ಚು ದಿನ ಬಾಳುವುದಿಲ್ಲ. ನಂಟು ಬೆಳೆಯಲಿಲ್ಲ ಅಂದರೆ ಕೆಲಸ ಚೆನ್ನಾಗಿ ಆಯಿತು ಅಂತ. ಇದನ್ನು ಸಿನಿಮಾದಲ್ಲಿ ತೋರಿಸುವುದು ಬಹಳ ಕಷ್ಟ, ನೋಡುವವರಿಗೆ ತಬ್ಬುಗೆ ಬೇಕು.

ತಡವಾಗಿಬಂದವ

ಡಾಕ್ಟರ್ ಮೇಡಂ, ಈ ಮಾತಿಗೆ ಪಕ್ಕಾ ಎದುರು ಉದಾಹರಣೆ ‘ಪ್ರಾಜೆಕ್ಟ್ ನಿಮ್’ (2011). 1970ರ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಟೆರೇಸ್ ನಿಮ್ ಎಂಬ ಚಿಂಪಾಂಜಿ ಮರಿಯನ್ನು ಹುಟ್ಟಿದ ಕೆಲವೇ ದಿನಕ್ಕೆ ತಾಯಿಯಿಂದ ಬೇರ್ಪಡಿಸಿ ನ್ಯೂಯಾರ್ಕಿನ ಒಂದು ಸಂಸಾರಕ್ಕೆ ಕೊಡುತ್ತಾರೆ. ಮಗುವಿನಂತೆ ಬೆಳೆಸಿ, ಸಂಜ್ಞೆ ಭಾಷೆ ಕಲಿಸಿ, ಅದು ವಾಕ್ಯ ಕಟ್ಟುತ್ತದಾ ನೋಡುವುದು ಯೋಜನೆ. ಬಟ್ಟೆ ಹಾಕುತ್ತಾರೆ, ಮುದ್ದು ಮಾಡುತ್ತಾರೆ. ಮರಿ ಬೆಳೆದು ಕಚ್ಚಲು ಶುರು ಮಾಡಿದಾಗ ಕೆಲಸ ನಿಲ್ಲಿಸಿ ವಾಪಸ್ ಕಳಿಸುತ್ತಾರೆ. 1979ರಲ್ಲಿ ಟೆರೇಸ್ ಅವರೇ, ಅದು ವಾಕ್ಯ ಕಟ್ಟಲಿಲ್ಲ, ಕಲಿಸಿದವರ ಸನ್ನೆಯನ್ನೇ ಬಹುಪಾಲು ಅನುಕರಿಸಿತು ಅಂತ ಬರೆದರು. ಆಮೇಲೆ ನಿಮ್ ಔಷಧ ಪ್ರಯೋಗದ ಲ್ಯಾಬ್ ಪಂಜರಕ್ಕೂ ಹೋದ. ಕೊನೆಗೆ ಟೆಕ್ಸಾಸ್‌ನ ಒಂದು ಪ್ರಾಣಿಧಾಮದಲ್ಲಿದ್ದು 2000ದಲ್ಲಿ ಸತ್ತ.

ಅಲ್ಲಿ ಎಲ್ಲರೂ ಅವನನ್ನು ಪ್ರೀತಿಸಿದರು. ಸಂದರ್ಶನಗಳಲ್ಲಿ ಒಬ್ಬೊಬ್ಬರೂ ಅದನ್ನೇ ಹೇಳುತ್ತಾರೆ, ಸುಳ್ಳೂ ಅಲ್ಲ. ಪ್ರತಿಯೊಬ್ಬರೂ ಬಿಟ್ಟು ಹೋದರು. ಯಾರ ಮೇಲೂ ಚಿತ್ರ ತೀರ್ಪು ಕೊಡುವುದಿಲ್ಲ. ಅವರವರ ಮಾತೇ ಅವರನ್ನು ಹಿಡಿದುಕೊಡುತ್ತದೆ.

ಹಿಂದಿನಸಾಲು

ಇದನ್ನು ಇವತ್ತೇ ನೋಡುತ್ತೇನೆ. ‘ಬ್ಲ್ಯಾಕ್‌ಫಿಶ್’ (2013) ನಾನು ನೋಡಿದ್ದೇನೆ. ತಿಲಿಕಮ್ ಎಂಬ ಓರ್ಕಾವನ್ನು (‘ಕಿಲ್ಲರ್ ವೇಲ್’ ಅಂತಾರಲ್ಲ, ಅದು) 1983ರಲ್ಲಿ ಐಸ್‌ಲ್ಯಾಂಡ್ ಹತ್ತಿರ ಮರಿಯಾಗಿದ್ದಾಗಲೇ ಹಿಡಿದರು, 2010ರಲ್ಲಿ ಅದು ತನ್ನ ತರಬೇತುದಾರರೊಬ್ಬರನ್ನು ಕೊಂದಿತು. ಅಲ್ಲೂ ಹಳೇ ತರಬೇತುದಾರರು ಪ್ರೀತಿಯ ಮಾತೇ ಆಡುತ್ತಾರೆ. ಆ ಚಿತ್ರ ಬಂದ ಮೇಲೆ ಜನರ ಸಿಟ್ಟು ಎಷ್ಟಾಯಿತೆಂದರೆ 2016ರಲ್ಲಿ, ಓರ್ಕಾ ಆಟ ತೋರಿಸುವ ಸೀವರ್ಲ್ಡ್ ಪಾರ್ಕ್‌ಗಳ ಕಂಪನಿ ಓರ್ಕಾ ಮರಿ ಮಾಡಿಸುವುದನ್ನು ನಿಲ್ಲಿಸುವುದಾಗಿ ಹೇಳಿತು.

ಅರ್ಧಸತ್ಯ

ಇಷ್ಟೆಲ್ಲ ಅನುಮಾನ ಪಟ್ಟ ನಾನೂ ಸೋತ ಚಿತ್ರ ಒಂದಿದೆ: ‘ಹನಿಲ್ಯಾಂಡ್’ (2019). ಉತ್ತರ ಮ್ಯಾಸಿಡೋನಿಯಾದ ಹತಿಜೆ ಎಂಬ ಹೆಂಗಸು ಕಾಡು ಜೇನು ಸಾಕುತ್ತಾಳೆ. ತುಪ್ಪ ತೆಗೆಯುವಾಗ ಅರ್ಧ ನನಗೆ, ಅರ್ಧ ನಿಮಗೆ ಅಂತ ಜೇನಿಗೇ ಹೇಳುತ್ತಾಳೆ. ಪಕ್ಕಕ್ಕೆ ಬಂದ ಸಂಸಾರ ಎಲ್ಲವನ್ನೂ ತೆಗೆದು ಮಾರುತ್ತದೆ. ಅವರ ಹುಳಗಳು ಬಂದು ಇವಳ ಗೂಡುಗಳನ್ನು ಹಾಳು ಮಾಡುತ್ತವೆ. ಇಲ್ಲಿ ನಂಟು ಅಂದರೆ ಒಂದು ಒಪ್ಪಂದ. ಮೀರಿದರೆ ನಷ್ಟ ಎಷ್ಟು ಅಂತ ಕಣ್ಣೆದುರೇ ಕಾಣುತ್ತದೆ.

ಮೈಕ್‌ಮರೆ ಸರ್, ನಿಮಗೆ ಇಷ್ಟವಾಗುವ ವಿಷಯ: ಅಲ್ಲಿ ಆಡುವ ತುರ್ಕಿ ಮಾತು ಚಿತ್ರತಂಡಕ್ಕೆ ಬರುತ್ತಿರಲಿಲ್ಲ. ಮೂರು ವರ್ಷ, 400 ಗಂಟೆ ದೃಶ್ಯ. ಮೊದಲು ಮಾತು ಬಿಟ್ಟು ಬರೀ ದೃಶ್ಯ ನೋಡಿ ಎಡಿಟ್ ಮಾಡಿದರು.

ಮೈಕ್‌ಮರೆ

ಗೊತ್ತಿರಲಿಲ್ಲ. ಹಾಗಾದರೆ ಮತ್ತೊಮ್ಮೆ ನೋಡಬೇಕು, ಈ ಸಲ ಶಬ್ದ ತೆಗೆದು.

ಗೂಬೆಕಣ್ಣು

ಕುದುರೆ ಬಗ್ಗೆ ಏನಾದರೂ ಇದೆಯಾ? ಮನೆಯಲ್ಲಿ ಕುದುರೆ ಹುಚ್ಚಿನ ಒಬ್ಬಳಿದ್ದಾಳೆ.

ತಡವಾಗಿಬಂದವ

‘ಬಕ್’ (2011). ಬಕ್ ಬ್ರಾನಮನ್ ಎಂಬ ಕುದುರೆ ಪಳಗಿಸುವವನ ಚಿತ್ರ. ಚಿಕ್ಕಂದಿನಲ್ಲಿ ಅಪ್ಪನಿಂದ ಬೆಲ್ಟ್ ಏಟು ತಿಂದು ಬೆಳೆದವನು. ಹಾಗಾಗಿ ಹೆದರಿದ ಕುದುರೆಯನ್ನು ಹೊಡೆಯದೆ ಓಲೈಸುತ್ತಾನೆ. ಮುಕ್ಕಾಲು ಭಾಗ ಪಕ್ಕಾ ಬೆಚ್ಚಗಿನ ಚಿತ್ರ, ಮಳೆಬಿಲ್ಲು ಅವರೂ ನೋಡಬಹುದು. ಆಮೇಲೆ ಒಂದು ಗಂಡು ಕುದುರೆ ಬರುತ್ತದೆ. ಹುಟ್ಟುವಾಗ ಆಮ್ಲಜನಕ ಸಾಲದೆ ಮೆದುಳಿಗೆ ಪೆಟ್ಟಾಗಿದೆ, ಮೇಲಾಗಿ ಒಡತಿ ಸರಿಯಾಗಿ ಪಳಗಿಸಿಲ್ಲ. ಅದು ಸವಾರನ ತಲೆಗೇ ಬಾಯಿ ಹಾಕಿ ಗಾಯ ಮಾಡುತ್ತದೆ. ಬಕ್ ಕೈಯಲ್ಲೂ ಸರಿಹೋಗುವುದಿಲ್ಲ. ಒಡತಿ ಅದನ್ನು ಕೊಲ್ಲಿಸಲು ತೀರ್ಮಾನಿಸುತ್ತಾಳೆ. ತಪ್ಪು ಕುದುರೆಯದಲ್ಲ, ಮನುಷ್ಯರದು ಅಂತ ಬಕ್ ಅವಳ ಮುಖಕ್ಕೇ ಹೇಳುತ್ತಾನೆ. ಆ ಭಾಗವನ್ನು ತೆಗೆದುಹಾಕಿದ್ದರೆ ಚಿತ್ರ ಇನ್ನೂ ಜಾಸ್ತಿ ಓಡುತ್ತಿತ್ತೇನೋ, ತೆಗೆಯಲಿಲ್ಲ.

ಚಿಕ್ಕ ಮಕ್ಕಳಾದರೆ ಆ ಭಾಗವನ್ನು ಮೊದಲು ನೀವೊಬ್ಬರೇ ನೋಡಿಕೊಳ್ಳಿ.

ಗೂಬೆಕಣ್ಣು

ಅವಳಿಗೆ ಹದಿನಾರು. ಪಕ್ಕದಲ್ಲೇ ಕೂತು ನೋಡುತ್ತೇನೆ. ಥ್ಯಾಂಕ್ಸ್.